ಸಾವಕಾರ್ರ ಅಂಗಡಿಯ ಸಮುದ್ರ

ಆಗಿನ ದಿನಗಳಲ್ಲಿ ನಮ್ಮ ಸವಣೂರಿನಲ್ಲಿ ಸಮುದ್ರ ಕಂಡವರು ಬೆರಳಲ್ಲಿ ಎಣಿಸುವಷ್ಟು ಮಂದಿ. ಹಜ್ ಯಾತ್ರೆಗೆ ಹೋದವರು ವಿಮಾನದ ಕಿಟಕಿಯಿಂದ ನೋಡಿದ್ದರು. ಗೋಕರ್ಣಕ್ಕೆ ಹೋದವರು ಮೊಣಕಾಲ ತನಕ ತೋಯಿಸಿಕೊಂಡು ಬಂದು ಅದನ್ನೇ ವರ್ಷಗಟ್ಟಲೆ ಹೇಳುತ್ತಿದ್ದರು. ನಮ್ಮಂಥ ಹುಡುಗರಿಗೆ ಸಮುದ್ರವೆಂದರೆ ಶಾಲೆಯ ನಕಾಶೆಯಲ್ಲಿ ಎಡಗಡೆ ಬಳಿದ ನೀಲಿ ಬಣ್ಣ, ಅಷ್ಟೇ. ಅಂಥ ಊರಿಗೆ ಒಂದು ಬೇಸಿಗೆಯಲ್ಲಿ ಸಮುದ್ರವೇ ಬಂತು. ನಾಲ್ಕು ಫೂಟು ಉದ್ದ, ಒಂದೂವರೆ ಫೂಟು ಎತ್ತರದ ಸಮುದ್ರ. ಅದಕ್ಕೆ ದಂಡೆ ಕಟ್ಟಿದವನು ನನ್ನ ಅಪ್ಪ.

ನಾನು ಆಗಷ್ಟೇ ಏಳನೇ ಇಯತ್ತೆ ಮುಗಿಸಿದ್ದೆ. ಮುಂದೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಪುಸ್ತಕದ ಮುಂದೆ ಕೂತರೆ ನನಗೆ ನಿದ್ದೆ ಬರುತ್ತಿತ್ತು, ಗಾಜಿನ ಮುಂದೆ ನಿಂತರೆ ನಿದ್ದೆ ಹಾರುತ್ತಿತ್ತು. ನಮ್ಮದು ಪಿಂಜಾರರ ಮನೆ, ಮನೆಮಾತು ಕನ್ನಡ. ಅಜ್ಜನ ತನಕ ಹತ್ತಿ ಹಿಂಜಿ ಗಾದಿ ಹೊಲಿದವರು ನಾವು. ಅಪ್ಪ ಹುಸೇನಸಾಬ ಮಾತ್ರ ಹುಬ್ಬಳ್ಳಿಗೆ ಹೋಗಿ ಗಾಜು ಕೊಯ್ಯುವುದನ್ನೂ ಪಟಕ್ಕೆ ಕಟ್ಟು ಹಾಕುವುದನ್ನೂ ಕಲಿತು ಬಂದು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಕಟ್ಟಿಗೆ ಪುಡಿ, ಸರೇಸಿನ ಅಂಟು, ಹೊಸ ಪಾಲಿಶ್ ಎಲ್ಲ ಕೂಡಿದ ಒಂದು ವಾಸನೆ ಆ ಅಂಗಡಿಯದು. ಅಲ್ಲಿ ಮಕ್ಕಾದ ಚಿತ್ರವೂ ಲಕ್ಷ್ಮಿಯ ಪಟವೂ ಒಂದೇ ಗೋಡೆಗೆ ಒರಗಿ, ಒಂದೇ ಬಿಸಿಲಿಗೆ ಒಣಗುತ್ತಿದ್ದವು.

ಅಪ್ಪನ ಹತ್ತಿರ ಒಂದು ವಜ್ರ ಇತ್ತು. ಗಾಜು ಕೊಯ್ಯುವ ವಜ್ರ. ಮರದ ಹಿಡಿಕೆ, ಹಿತ್ತಾಳೆಯ ಮೂತಿ, ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹರಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಮ್ಮೆ ನಾನು ಕೈ ಹಾಕಿದಾಗ ಮುಂಗೈ ಮೇಲೆ ಪಟ್ಟನೆ ಹೊಡೆದಿದ್ದ.

“ವಜ್ರ ಒಂದ ಕೈಗೆ ಒಗ್ಗಿರತೈತಲೇ. ಬ್ಯಾರೆ ಕೈ ಹಿಡಿದ್ರ ಕೊಯ್ಯೂದ ಮರೀತೈತಿ.”

ಕೆಲಸ ಮುಗಿದ ಮೇಲೆ ಅಪ್ಪ ಗಾಜಿನ ಮೂಲೆಯಲ್ಲಿ ಆ ವಜ್ರದಿಂದ ‘ಹು’ ಎಂದು ಗೀಚುತ್ತಿದ್ದ. ಅಕ್ಕಿಕಾಳಿನಷ್ಟು ಸಣ್ಣದು. ಕಟ್ಟು ಹಾಕಿದ ಮೇಲೆ ಅದು ಒಳಗೇ ಮುಚ್ಚಿಹೋಗುತ್ತಿತ್ತು. ಯಾರಿಗೂ ಕಾಣದ ಹೆಸರು ಯಾಕೆ ಎಂದು ಕೇಳಿದರೆ, “ನನಗ ಗೊತ್ತಿರತೈತಲ್ಲ” ಎನ್ನುತ್ತಿದ್ದ.

ನಮ್ಮ ಅಂಗಡಿಯ ಎದುರಿಗೆ ಚನ್ನಬಸಪ್ಪ ಸಾವಕಾರ್ರ ಅರಿವೆ ಅಂಗಡಿ. ಸಾವಕಾರ್ರು ಮದುವೆಯೊಂದಕ್ಕೆ ಮಂಗಳೂರಿಗೆ ಹೋದಾಗ ಅಲ್ಲಿಯ ಯಾವುದೋ ದೊಡ್ಡ ಅಂಗಡಿಯಲ್ಲಿ ಸಮುದ್ರದ ಮೀನು ಸಾಕಿದ್ದನ್ನು ಕಂಡಿದ್ದರಂತೆ. ಬಂದವರೇ ಅಪ್ಪನನ್ನು ಕರೆದರು. “ಹುಸೇನಸಾಬ, ನನ್ನ ಅಂಗಡ್ಯಾಗ ಸಮುದ್ರ ಬೇಕು. ಒಂದ ಹನಿ ಸೋರಬಾರದು.”

ಅಪ್ಪ ಅಲ್ಲಿಯವರೆಗೆ ನೀರಿನ ಪೆಟ್ಟಿಗೆ ಕಟ್ಟಿದವನೇ ಅಲ್ಲ. ಹುಬ್ಬಳ್ಳಿಗೆ ಎರಡು ಸಲ ಹೋಗಿ, ಮೀನಿಗೆ ಕೇಡಾಗದ ಗೋಂದು ಯಾವುದೆಂದು ಕೇಳಿ ತಿಳಿದು, ಅದನ್ನೇ ತಂದ. ದಪ್ಪ ಗಾಜಿನ ಐದು ಹಲಗೆ ಕೊಯ್ದು, ಅಂಚು ತಿಕ್ಕಿ, ಕೂಡಿಸಿ, ವಾರಗಟ್ಟಲೆ ಒಣಗಿಸಿದ. ನಮ್ಮ ಮನೆಯಂಗಳದಲ್ಲಿ ಬಾವಿ ನೀರು ತುಂಬಿಸಿ ಎಂಟು ದಿನ ಇಟ್ಟ. ಅವ್ವ ದಿನಾ ಬೆಳಿಗ್ಗೆ ಅದರ ಕೆಳಗೆ ಹಾಸಿದ ವೃತ್ತಪತ್ರಿಕೆ ಮುಟ್ಟಿ ನೋಡಿ, “ಒಣಗೇ ಐತ್ರಿ” ಎಂದು ವರದಿ ಒಪ್ಪಿಸುತ್ತಿದ್ದಳು. ಆದರೂ ಅಪ್ಪ ಅದರ ಮೇಲೆ ‘ಹು’ ಗೀಚಲಿಲ್ಲ. “ಮೀನ ಬಾಳ್ವೆ ಮಾಡಲಿ. ಆಮ್ಯಾಲ ಹೆಸರು.”

ಕರಾವಳಿಯಿಂದ ಒಬ್ಬಾತ ನೀಲಿ ಡಬ್ಬಿಗಳಲ್ಲಿ ಸಮುದ್ರದ ನೀರು ತಂದ. ಗಾಳಿ ತುಂಬಿದ ಚೀಲಗಳಲ್ಲಿ ಮೀನು ತಂದ. ಕೇಸರಿ ಮೈಗೆ ಬಿಳಿ ಪಟ್ಟಿ ಇದ್ದವು ಮೂರು, ಹಳದಿಯದೊಂದು, ನೀಲಿಯದೊಂದು. ನೀರು ಸುರಿಯುವಾಗ ಚೆಲ್ಲಿದ್ದನ್ನು ನಾನು ಬೆರಳಿನಿಂದ ನೆಕ್ಕಿ ನೋಡಿದೆ. ಅತ್ತಾಗ ತುಟಿಗೆ ಬರುತ್ತದಲ್ಲ, ಅದೇ ರುಚಿ, ಅದಕ್ಕಿಂತ ತುಸು ಜಾಸ್ತಿ. ಆತ ಹೋಗುವಾಗ ಉಪ್ಪಿನ ಪಾಕೀಟುಗಳನ್ನು ಕೊಟ್ಟು, “ನೀರು ಬದಲಿಸುವಾಗ ಇದನ್ನು ಕಲಸಿ. ನೀರು ಕಡಿಮೆಯಾದರೆ ತುಂಬಿಸುತ್ತಾ ಇರಿ” ಎಂದ. ಎರಡು ಮಾತು. ಸಾವಕಾರ್ರು ಅವೆರಡನ್ನೂ ಕೂಡಿಸಿ ಒಂದೇ ಮಾಡಿಕೊಂಡರೆಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಊರೇ ನೋಡಲು ಬಂತು. ಹತ್ತಿಮತ್ತೂರಿನವರು, ಶಿಗ್ಗಾಂವಿಯವರು, ಸಂತೆಗೆ ಬಂದವರು, ಮದುವೆ ಜವಳಿಗೆ ಬಂದವರು. ನನ್ನ ಗೆಳೆಯರು ಗೋಲಿಗುಂಡಾ ಆಡುವುದನ್ನು ಬಿಟ್ಟು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ಸಾವಕಾರ್ರ ಗುಮಾಸ್ತ ಫಕ್ಕೀರಪ್ಪ ಅವರ ಮೂಗಿನ ಗುರುತು ಒರೆಸಿ ಒರೆಸಿ ಬೇಸತ್ತು, “ಮೀನಕಿಂತ ನಿಮ್ಮ ಸಿಂಬಳ ಜಾಸ್ತಿ ಕಾಣತೈತಿ, ನಡೀರಲೇ!” ಎಂದು ಗದರುತ್ತಿದ್ದ. ನಾನು ಮಾತ್ರ ದೂರ ನಿಂತು ಚುರುಮುರಿ ತಿನ್ನುತ್ತ, ‘ಇದನ್ನ ಕಟ್ಟಿದವ ಯಾರು’ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ.

ಸಾವಕಾರ್ರು ಅದನ್ನು ಪೂಜೆಯ ಹಾಗೆ ನೋಡಿಕೊಂಡರು. ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಡಿಗೆ ಬರುತ್ತಿದ್ದರು. ಬೇಸಿಗೆಯ ಝಳಕ್ಕೆ, ಮೇಲೆ ತಿರುಗುವ ಫ್ಯಾನಿಗೆ, ನೀರು ದಿನಕ್ಕೊಂದು ಬೆರಳು ಇಳಿಯುತ್ತಿತ್ತು. ಅವರು ಅರ್ಧ ಕೊಡ ನೀರಿಗೆ ಉಪ್ಪು ಕಲಸಿ ತಮ್ಮ ಕೈಯಾರೆ ಸುರಿಯುತ್ತಿದ್ದರು. “ಸಮುದ್ರದ ಜೀವಕ್ಕ ಸಪ್ಪನ್ನ ನೀರ ಹಾಕಿದ್ರ ಪಾಪ” ಎನ್ನುತ್ತಿದ್ದರು.

ಒಂದು ತಿಂಗಳು ಕಳೆದಿರಬೇಕು. ಹಳದಿ ಮೀನು ಕಾಣದಾಯಿತು. ಕಲ್ಲಿನ ಸಂದಿಯಲ್ಲಿ ಮಲಗಿರಬೇಕೆಂದು ಎರಡು ದಿನ ಬಿಟ್ಟರು. ಮೂರನೆಯ ದಿನ ಅಂಗಡಿ ಬಾಗಿಲು ತೆರೆದರೆ ಹೊಸ ಅರಿವೆಯ ವಾಸನೆಯ ನಡುವೆ ಇನ್ನೊಂದು ವಾಸನೆ. ಫಕ್ಕೀರಪ್ಪ ಮೂಗು ಮುಚ್ಚಿಕೊಂಡು ನಮ್ಮ ಅಂಗಡಿಗೆ ಓಡಿ ಬಂದ.

“ಹುಸೇನಣ್ಣಾ, ಒಂದ ಸತ್ತೈತಿ. ಬಂದು ತಗೀಬೇಕಂತ.”

“ಅಲ್ಲೇ ಇದ್ದಿಯಲ್ಲೋ, ನೀ ತಗಿ.”

“ನಾವು ಮುಟ್ಟಂಗಿಲ್ಲಲ್ರಿ. ನೀವ್ ಆದ್ರ ತಿನ್ನಾವ್ರು.”

ಅಪ್ಪನಿಗೆ ನಗು ಬಂತು. “ತಿನ್ನೂ ಮೀನ ಬ್ಯಾರೆ, ಸಾವಕಾರ್ರ ಮೀನ ಬ್ಯಾರೆ” ಎಂದು ನನ್ನನ್ನು ಕಳಿಸಿದ.

ನಾನು ತೋಳಿನವರೆಗೆ ಕೈ ಇಳಿಸಿ, ಕಲ್ಲಿನ ಹಿಂದೆ ಬೆರಳಾಡಿಸಿ ಅದನ್ನು ಹಿಡಿದೆ. ಬಣ್ಣ ಹೋಗಿ ಬೆಳ್ಳಗಾಗಿತ್ತು, ಹೊಟ್ಟೆ ಮೆತ್ತಗಾಗಿತ್ತು. ಕಾಗದದಲ್ಲಿ ಸುತ್ತಿಕೊಂಡು ಹೋಗಿ ನಮ್ಮ ಹಿತ್ತಲಿನ ಕರಿಬೇವಿನ ಬುಡಕ್ಕೆ ಹೂಳಿದೆ. ಅವ್ವ ನೋಡಿ, “ಇಷ್ಟ ಚಂದಾದ್ದು ಇಷ್ಟ ಲಗೂನ ಹೋತೇನು?” ಎಂದಳು.

ನಾಲ್ಕೇ ದಿನಕ್ಕೆ ನೀಲಿ ಮೀನು ಮಗ್ಗುಲಾಗಿ ತೇಲಿತು. ಈ ಸಲ ಅದನ್ನು ತೆಗೆಯಲು ನಾನು ಹೋದಾಗ ಸಾವಕಾರ್ರು ಅಪ್ಪನನ್ನೂ ಕರೆಸಿದರು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಯಾರೋ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ, ಅವರು ಎಲ್ಲರೆದುರಿಗೆ ಕೇಳಿಬಿಟ್ಟರು.

“ಹುಸೇನಸಾಬ, ನಿನ್ನ ಗೋಂದಿನಾಗ ಇಸ ಐತಿ. ಹೌದೋ ಅಲ್ಲೋ?”

ಅಪ್ಪ ಬಗ್ಗಿ ಪೆಟ್ಟಿಗೆಯ ಕೂಡುಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ, “ಇಲ್ರಿ ಸಾವಕಾರ್ರ. ಮೀನಿಗಂತ ಕೇಳೇ ತಂದೇನ್ರಿ” ಎಂದ.

“ಹಂಗಾದ್ರ ಇವ್ಯಾಕ ಸತ್ತೂವು? ನಾ ಮಗೂನಂಗ ನೋಡ್ಕೊಂಡೇನಿ. ಇನ್ನ ಮೂರು ಉಳದಾವು. ಅವೂ ಹೋದ್ರ ಈ ಪೆಟ್ಟಿಗಿ ನಿನ್ನ ಅಂಗಡಿ ಮುಂದ ತಂದು ಒಡಸ್ತೇನಿ ನೋಡು.”

ಪೇಟೆ ಸಣ್ಣದು. ಸಂಜೆಯೊಳಗೆ ಮಾತು ಎಲ್ಲ ಕಡೆ ಹರಿಯಿತು. ಪಟಕ್ಕೆ ಕಟ್ಟು ಹಾಕಿಸಲು ಬಂದವನೊಬ್ಬ ನಗುತ್ತಲೇ, “ದೇವರಿಗೇನೂ ಆಗಂಗಿಲ್ಲಲ್ಲ ಸಾಬ್ರ, ನಿಮ್ಮ ಗೋಂದಿಗೆ?” ಎಂದ. ಅಪ್ಪ ಆ ದಿನ ಮಧ್ಯಾಹ್ನದ ರೊಟ್ಟಿಯ ಗಂಟು ಬಿಚ್ಚಲಿಲ್ಲ. ಖಾಲಿ ಗಾಜೊಂದನ್ನು ಹಿಡಿದು, ಒರೆಸಿದ್ದನ್ನೇ ಒರೆಸುತ್ತ ಕೂತ. ಕೈಯ ಕೆಲಸದಿಂದ ಬಾಳುವವನಿಗೆ ಕೈಯ ಮೇಲೆಯೇ ಮಾತು ಬಂದರೆ ಏನಾಗುತ್ತದೆಂದು ನಾನು ಮೊದಲ ಸಲ ಕಂಡದ್ದು ಅವತ್ತು.

ನನಗೆ ಒಂದು ಸಂಗತಿ ಕೊರೆಯುತ್ತಿತ್ತು. ನೀಲಿ ಮೀನು ತೆಗೆಯುವಾಗ ಬೆರಳಲ್ಲಿದ್ದ ಗಾಜಿನ ಗೀರಿಗೆ ಆ ನೀರು ತಾಗಿ ಚುರ್ ಎಂದಿತ್ತು. ಅಭ್ಯಾಸದಂತೆ ಬೆರಳನ್ನು ಬಾಯಿಗೆ ಹಾಕಿಕೊಂಡಿದ್ದೆ. ನಾಲಿಗೆ ಸುಟ್ಟ ಹಾಗಾಗಿತ್ತು. ಮೊದಲ ದಿನ ನೆಕ್ಕಿದ ಕಣ್ಣೀರಿನ ರುಚಿ ಅದಾಗಿರಲಿಲ್ಲ. ಉಪ್ಪಿನಕಾಯಿಯ ತಳದ ರಸದಂತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವ್ವ ಸಾರಿನ ಬೋಗುಣಿಯನ್ನು ಒಲೆಯ ಮೇಲೆಯೇ ಮರೆತಿದ್ದಳು. ಸಾರು ಇಂಗಿ ಗಟ್ಟಿಯಾಗಿತ್ತು. ರುಚಿ ನೋಡಿ ಮುಖ ಹಿಂಡಿ, ಒಂದು ತಂಬಿಗೆ ನೀರು ಹೊಯ್ದಳು.

“ಅವ್ವಾ, ಉಪ್ಪ ಹಾಕಲಿಲ್ಲ?” ಎಂದೆ.

“ಹುಚ್ಚಪ್ಪ, ನೀರ ಹಾರಿ ಹೋಕ್ಕೈತಿ, ಉಪ್ಪು ಎಲ್ಲಿ ಹೋಕ್ಕೈತಿ? ಅದು ಗಡಿಗ್ಯಾಗ ಕುಂತಿರತೈತಿ. ಮತ್ತ ಉಪ್ಪ ಹಾಕಿದ್ರ ಬಾಯಾಗ ಇಡಾಕ ಆಗ್ತೈತೇನು?”

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಕ್ಕಿಆಲೂರಿನ ಹತ್ತಿರ ಅವ್ವನ ತವರು. ಅಲ್ಲಿಯ ಅಜ್ಜ ಬಿತ್ತನೆಗೆ ಮೊದಲು ಬಕೀಟಿನಲ್ಲಿ ಉಪ್ಪು ನೀರು ಮಾಡಿ, ಅದರಲ್ಲೊಂದು ತತ್ತಿ ಬಿಡುತ್ತಿದ್ದ. ತತ್ತಿ ತೇಲಿದರೆ ಉಪ್ಪು ಸರಿಯಾಯಿತೆಂದು ಲೆಕ್ಕ. ಆಮೇಲೆ ಭತ್ತ ಸುರಿದರೆ ಜಳ್ಳೆಲ್ಲ ಮೇಲೆ, ಗಟ್ಟಿ ಕಾಳೆಲ್ಲ ಕೆಳಗೆ. ಉಪ್ಪು ಹೆಚ್ಚಾದಷ್ಟೂ ನೀರು ಎತ್ತಿ ಹಿಡಿಯುತ್ತದೆಂದು ನಾನು ಕಲಿತದ್ದು ಅಲ್ಲಿ. ಅದೇ ಧೈರ್ಯದಲ್ಲಿ ಚೊಣ್ಣದ ಕಿಸೆಯಲ್ಲಿ ತತ್ತಿ ಇಟ್ಟುಕೊಂಡು ಸಾವಕಾರ್ರ ಅಂಗಡಿಗೆ ನುಗ್ಗಿದೆ.

“ಸಾವಕಾರ್ರ, ನೀರಾಗ ಉಪ್ಪ ಜಾಸ್ತಿ ಆಗೈತ್ರಿ. ತೋರಿಸ್ತೇನಿ ನೋಡ್ರಿ.”

ಅಲ್ಲೇ ಇದ್ದ ಬೋಗುಣಿಯಲ್ಲಿ ಆ ನೀರು ತುಂಬಿ ತತ್ತಿ ಬಿಟ್ಟೆ. ತತ್ತಿ ನೆಟ್ಟಗೆ ತಳಕ್ಕೆ ಹೋಗಿ ಕೂತಿತು. ಅದನ್ನು ತೇಲಿಸಲು ಬೇಕಾದಷ್ಟು ಉಪ್ಪು ಅಲ್ಲಿರಲಿಲ್ಲ. ಅಷ್ಟಿದ್ದರೆ ಮೀನೆಲ್ಲ ಎಂದೋ ಹೋಗಿರುತ್ತಿದ್ದವು. ಆದರೆ ಸಾವಕಾರ್ರಿಗೆ ಕಂಡದ್ದು ಬೇರೆ. ಗಾದಿಯಿಂದ ಎದ್ದೇಬಿಟ್ಟರು.

“ಏ, ಏ! ತತ್ತಿ ತಂದ್ಯಾ ನನ್ನ ಅಂಗಡ್ಯಾಗ? ಮೊದಲ ಸತ್ತ ಮೀನ, ಈಗ ತತ್ತಿ, ನಾಳೆ ಕೋಳೀನ ತರ್ತಿ ಏನಲೇ? ಫಕ್ಕೀರಾ, ಇವನ್ನ ಹೊರಗ ಹಾಕು!”

ಸೀರೆ ನೋಡುತ್ತಿದ್ದ ಹೆಂಗಸರು ನಕ್ಕ ಸದ್ದು ಬೀದಿಯ ತನಕ ಬಂತು. ಫಕ್ಕೀರಪ್ಪ ನನ್ನ ರಟ್ಟೆ ಹಿಡಿದು ಮೆಟ್ಟಿಲಿಳಿಸುತ್ತ ಮೆಲ್ಲಗೆ, “ತತ್ತಿ ಮುಳುಗ್ತಲ್ಲೋ ದಾವಲ್ಯಾ” ಎಂದ.

“ತತ್ತಿ ಭಾಳ ಭಾರ ಆತೋ ಕಾಕಾ. ಹಗೂರದ್ದು ಬೇಕು. ಒಂದ ಉಪಕಾರ ಮಾಡು. ಜೀನಿ ಮೆಟ್ಟಲ ಕೆಳಗ ನೀಲಿ ಡಬ್ಬ್ಯಾಗ ಮೊದಲಿನ ನೀರು ಉಳದೈತಲ್ಲ, ಅದರಾಗಿಂದೊಂದು ಬಾಟ್ಲಿ, ಈ ಮೀನಿನ ನೀರೊಂದು ಬಾಟ್ಲಿ.”

ಒಳ್ಳೆಯವನು, ಕೊಟ್ಟ.

ಆ ಇಡೀ ಹಗಲು ನಾನು ಹಿತ್ತಲಲ್ಲಿ ಕೂತೆ. ದವಾಖಾನೆಯ ಹಿಂದೆ ಬಿದ್ದಿದ್ದ ಇಂಜೆಕ್ಷನ್ ಬಾಟಲಿಯೊಂದನ್ನು ತೊಳೆದು, ಅದರ ರಬ್ಬರಿನ ಮುಚ್ಚಳಕ್ಕೆ ಕಾದ ಮೊಳೆಯಿಂದ ತೂತು ಮಾಡಿ, ಖಾಲಿಯಾದ ಪೆನ್ನಿನ ಕಡ್ಡಿ ಸಿಕ್ಕಿಸಿ, ಮೇಣದಿಂದ ಮುಚ್ಚಿದೆ. ಒಳಗೆ ಸಣ್ಣ ಉಸುಕು. ಉಸುಕು ಹೆಚ್ಚಾದರೆ ಮುಳುಗುತ್ತಿತ್ತು, ಕಡಿಮೆಯಾದರೆ ಅಡ್ಡ ಮಲಗುತ್ತಿತ್ತು. ಮತ್ತೆ ಬಿಚ್ಚು, ಮತ್ತೆ ಮೇಣ ಕಾಯಿಸು. ಬೆರಳ ತುದಿಗಳೆಲ್ಲ ಸುಟ್ಟವು. ಕೊನೆಗೊಮ್ಮೆ ಅದು ಮೊದಲಿನ ನೀರಿನಲ್ಲಿ ನೆಟ್ಟಗೆ ನಿಂತಿತು, ಕಡ್ಡಿಯ ತುದಿಯಷ್ಟೇ ಹೊರಗೆ. ಅದನ್ನೇ ತೆಗೆದು ಮೀನಿನ ನೀರಿಗೆ ಬಿಟ್ಟೆ. ಕಡ್ಡಿ ಎರಡು ಬೆರಳು ಮೇಲೆದ್ದಿತು.

ಹಿಂದೆ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ತಾನೇ ಕೈಯಲ್ಲಿ ಹಿಡಿದು ಈ ನೀರಿಗೊಮ್ಮೆ, ಆ ನೀರಿಗೊಮ್ಮೆ ಬಿಟ್ಟು ನೋಡಿದ. ಒಳಗೆ ಹೋಗಿ ಅವ್ವನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದು, ಒಳ್ಳೆಯ ನೀರು ಕಡ್ಡಿಗೆ ಎಲ್ಲಿ ತಾಗುತ್ತಿತ್ತೋ ಅಲ್ಲಿ ಬಿಗಿಯಾಗಿ ಗಂಟು ಹಾಕಿದ.

“ನಡಿ” ಎಂದ.

ಅಪ್ಪ ಮುಂದೆ, ನಾನು ಹಿಂದೆ. ಪೇಟೆಯ ಬೀದಿ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಉಳಿದ ಮೂರು ಕೇಸರಿ ಮೀನುಗಳು ಮೂಲೆಯಲ್ಲಿ ಒತ್ತಿಕೊಂಡು ಬಾಯಿ ಬಾಯಿ ತೆಗೆಯುತ್ತಿದ್ದವು. ಅಪ್ಪ ಮೊದಲು ನೀಲಿ ಡಬ್ಬಿಯನ್ನು ಹೊರಗೆ ತರಿಸಿ ಅದರಲ್ಲಿ ಬಾಟಲಿ ಬಿಟ್ಟ. ದಾರ ನೀರಿಗೆ ಸರಿಯಾಗಿ ನಿಂತಿತು. ಆಮೇಲೆ ಮೀನಿನ ನೀರಿಗೆ ಬಿಟ್ಟ. ದಾರ ಎರಡು ಬೆರಳು ಮೇಲೆ, ಎಲ್ಲರಿಗೂ ಕಾಣುವಂತೆ ನಿಂತಿತು.

“ಹುಡುಗರ ಆಟಿಗಿ ಸಾಮಾನು ತಂದು ನನಗ ತೋರಸ್ತೀಯೇನು?” ಎಂದರು ಸಾವಕಾರ್ರು. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ಆಟಿಗಿ ಅಂದ್ರ ಆಟಿಗಿ ಅನ್ರಿ. ನಾಲಿಗಿ ಸುಳ್ಳ ಹೇಳಂಗಿಲ್ಲಲ್ರಿ. ಎರಡೂ ನೀರು ಒಂದೊಂದ ಹನಿ ಹಚ್ಚಿ ನೋಡ್ರಿ.”

ಮನೆಯ ಹೊಸ್ತಿಲೊಳಗೆ ಮೀನಿನ ಹೆಸರೆತ್ತದ ಮನುಷ್ಯ ಸಾವಕಾರ್ರು. ಮೀನು ಸತ್ತ ನೀರನ್ನು ಬಾಯಿಗೆ ಹಚ್ಚೆಂದು ಅವರಿಗೆ ಹೇಳುವುದೆಂದರೆ ಸಣ್ಣ ಮಾತಲ್ಲ. ಅಪ್ಪನೇ ಹೇಳಿಬಿಟ್ಟು ಬಿಳಿಚಿದ್ದ. ಸಾವಕಾರ್ರು ಕೊರಳ ಲಿಂಗವನ್ನು ಅಂಗಿಯ ಒಳಗೆ ಸರಿಸಿಕೊಂಡರು. ನೀಲಿ ಡಬ್ಬಿಯ ನೀರಿಗೆ ಬೆರಳು ತಾಗಿಸಿ ನಾಲಿಗೆಗೆ ಹಚ್ಚಿದರು. ಬಳಿಕ ಮೀನಿನ ನೀರಿಗೆ ಬೆರಳು ಅದ್ದಿ, ಕಣ್ಣು ಮುಚ್ಚಿ, ಅದನ್ನೂ ಹಚ್ಚಿದರು. ಮುಖ ಕಿವುಚಿತು. ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ಗಾದಿಯ ಮೇಲೆ ಕುಸಿದರು.

ನಾನು ಅವ್ವನ ಸಾರಿನ ಮಾತು ಹೇಳಿದೆ. ನೀರು ಹಾರುತ್ತದೆ, ಉಪ್ಪು ಕೂತಿರುತ್ತದೆ ಎಂದೆ.

“ಅಂದ್ರ ದಿನಾ ನಾನ...” ಎಂದವರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಆಮೇಲೆ ಎದ್ದು ನಿಂತರು. ಎಲ್ಲ ಗಿರಾಕಿಗಳಿಗೂ ಕೇಳುವಂತೆ ಹೇಳಿದರು. “ಗೋಂದಿನಾಗ ಇಸ ಇರಲಿಲ್ಲ. ನನ್ನ ಕೈಯಾಗಿತ್ತು. ಹುಸೇನಸಾಬ್ರ, ನಿಮ್ಮ ಕೆಲಸಕ್ಕ ಹೆಸರಿಟ್ಟೆ, ತಪ್ಪಾತ್ರಿ.” ಅಪ್ಪನಿಗೆ ಅವರು ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ತಪ್ಪನ್ನು ಎಲ್ಲಿ ಮಾಡಿದರೋ ಅಲ್ಲೇ, ಅಷ್ಟೇ ಜನರ ಮುಂದೆ ಒಪ್ಪಿಕೊಂಡ ಆ ಮನುಷ್ಯನ ದೊಡ್ಡತನವನ್ನು ನಾನು ಇವತ್ತಿಗೂ ಮರೆತಿಲ್ಲ.

ಫಕ್ಕೀರಪ್ಪ ಆಗಲೇ ಒಂದು ಕೊಡ ಸಿಹಿನೀರು ಹೊತ್ತು ಓಡಿ ಬಂದಿದ್ದ. ಅಪ್ಪ ಕೈ ಅಡ್ಡ ಹಿಡಿದ.

“ತಡಿ ತಡಿ! ಕಾದ ಗಾಜಿಗೆ ತಣ್ಣೀರ ಹಾಕಿದ್ರ ಏನಾಕ್ಕೈತಿ? ಸೀಳತೈತಿ. ಜೀವಾನೂ ಹಂಗ. ಮುಂಜಾನೆ ಒಂದ ತಂಬಿಗಿ, ಸಂಜಿಗೆ ಒಂದ ತಂಬಿಗಿ.”

ಕಾಯಿಸಿ ಆರಿಸಿದ ನೀರನ್ನು ನಾನೇ ಹೊತ್ತೆ. ಉಪ್ಪು ನೀರು ತುಸು ತೆಗೆಯುವುದು, ಸಪ್ಪೆ ನೀರು ತುಸು ಹಾಕುವುದು. ದಿನಾ ಬಾಟಲಿ ಬಿಟ್ಟು ನೋಡುವುದು. ದಾರ ಕೂದಲೆಳೆಯಷ್ಟೇ ಇಳಿಯುತ್ತಿತ್ತು. ಮೀನುಗಳಲ್ಲಿ ಒಂದು ಎರಡು ದಿನ ತಿನ್ನಲೇ ಇಲ್ಲ. ಅದೂ ಹೋಯಿತೆಂದೇ ಅಂದುಕೊಂಡಿದ್ದೆವು. ಕೆಂಪು ದಾರ ನೀರು ಮುಟ್ಟಿದ ದಿನ ಮೂರೂ ಕೂಡಿ ಗಾಜಿನ ಉದ್ದಕ್ಕೂ ಓಡಿದವು. ಸಾವಕಾರ್ರು ಪೇಟೆಗೆಲ್ಲ ಪೇಡೆ ಹಂಚಿದರು, ಮೊಮ್ಮಗ ಹುಟ್ಟಿದವರಂತೆ.

ಅವತ್ತು ಸಂಜೆ ಅಪ್ಪ ಕಿಸೆಯಲ್ಲಿ ವಜ್ರ ಇಟ್ಟುಕೊಂಡು ಅಲ್ಲಿಗೆ ಬಂದ. ‘ಹು’ ಗೀಚಲೆಂದುಕೊಂಡೆ. ಅವನು ಅದನ್ನು ಅರಿವೆಯಿಂದ ಒರೆಸಿ ನನ್ನ ಕೈಗೆ ಕೊಟ್ಟ.

“ನೀ ಹಾಕು. ಮ್ಯಾಲಿನ ಮೂಲ್ಯಾಗ. ನಿನ್ನ ಹೆಸರು.”

“ವಜ್ರ ಕೊಯ್ಯೂದ ಮರೀತೈತಲ್ಲಪ್ಪಾ?”

“ಮರೀಲಿ. ಹಾಕು.”

ವಜ್ರವನ್ನು ಗಾಜಿಗೆ ಒತ್ತಿ ಹಿಡಿದೆ. ‘ದಾ’ ಎಂದು ಗೀಚಿದೆ. ದೀರ್ಘದ ಗೆರೆ ಸೊಟ್ಟಗಾಗಿ ಬಾಲದ ಹಾಗೆ ಕೆಳಗೆ ಜಾರಿತು. ಕೂದಲೆಳೆ ಸೊಟ್ಟ ಬಂದರೂ ಇಡೀ ಗಾಜನ್ನು ಮೂಲೆಗೆಸೆಯುತ್ತಿದ್ದ ಅಪ್ಪ ಅದನ್ನು ಬಗ್ಗಿ ನೋಡಿ, “ಚಲೋ ಬಂದೈತಿ” ಎಂದ.

ಈಗ ಅಪ್ಪನೂ ಇಲ್ಲ, ಸಾವಕಾರ್ರೂ ಇಲ್ಲ. ಗಾಜು, ಅಲ್ಯುಮಿನಿಯಂ ಎರಡೂ ಇರುವ ನನ್ನ ಅಂಗಡಿ ಅದೇ ಪೇಟೆಯಲ್ಲಿದೆ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ನಾನು ಕೂಡಿಸಿದ ಕಿಟಕಿಗಳಿವೆ. ಏಳನೇ ಇಯತ್ತೆಯವನ ಕೆಲಸವೆಂದು ಯಾರೂ ಬೆರಳು ಮಾಡಿಲ್ಲ. ಗಾಜನ್ನು ಈಗ ಯಂತ್ರವೇ ಕೊಯ್ಯುತ್ತದೆ, ಗೆರೆ ಎಂದೂ ಸೊಟ್ಟ ಬರುವುದಿಲ್ಲ. ಅಪ್ಪನ ವಜ್ರ ಅವ್ವನ ಹೊಲಿಗೆ ಡಬ್ಬಿಯಲ್ಲಿ ಕೆಂಪು ದಾರದ ಉಂಡೆಯ ಪಕ್ಕದಲ್ಲಿದೆ. ತೆಗೆದು ಹಿಡಿದರೆ ಗಾಜಿನ ಮೇಲೆ ಸುಮ್ಮನೆ ಜಾರುತ್ತದೆ. ಅದು ನಿಜವಾಗಿಯೂ ಆ ಒಂದೇ ಕೈಯದಾಗಿತ್ತು.

ಹೋದ ವರ್ಷ ಸಾವಕಾರ್ರ ಮಗ ಅಂಗಡಿ ಹೊಸದು ಮಾಡಿಸಿದ. ಸಮುದ್ರ ಇದ್ದ ಜಾಗಕ್ಕೆ ದೊಡ್ಡ ಟಿ.ವಿ. ಬಂತು. ಅದರೊಳಗೆ ದಿನವಿಡೀ ಬಣ್ಣಬಣ್ಣದ ಮೀನು ಓಡಾಡುತ್ತವೆ. ಅವು ಸಾಯುವುದಿಲ್ಲ, ನೀರು ಇಂಗುವುದಿಲ್ಲ, ಯಾರೂ ತೋಳಿನವರೆಗೆ ಕೈ ಇಳಿಸಬೇಕಿಲ್ಲ. ಬೆರಳದ್ದಿ ನಾಲಿಗೆಗೆ ಹಚ್ಚಿ, ತಪ್ಪು ತನ್ನದೆಂದು ಎದ್ದು ನಿಲ್ಲುವ ಪ್ರಸಂಗ ಯಾರಿಗೂ ಬರುವುದಿಲ್ಲ. ಗುಜರಿಗೆ ಹೊರಟಿದ್ದ ಹಳೆಯ ಪೆಟ್ಟಿಗೆಯನ್ನು ನಾನು ಕೇಳಿ ತಂದುಕೊಂಡೆ. ಇಷ್ಟು ವರ್ಷಕ್ಕೂ ಅದರ ಒಂದು ಕೂಡುಗೆರೆ ಬಿಟ್ಟಿಲ್ಲ. ನನ್ನ ಅಂಗಡಿಯ ಬಾಗಿಲಲ್ಲೇ ಇಟ್ಟಿದ್ದೇನೆ, ಖಾಲಿ. ಹೊಸದಾಗಿ ಕೆಲಸಕ್ಕೆ ಬಂದವರು ಮೂಲೆಯ ಗೀಚನ್ನು ನೋಡಿ, “ಅಣ್ಣಾ, ಇದ್ಯಾವನೋ ಗಾಜ ಕೆಡಿಸ್ಯಾನ ನೋಡ್ರಿ” ಎನ್ನುತ್ತಾರೆ.

“ಇರಲಿ” ಎನ್ನುತ್ತೇನೆ. “ಚಲೋ ಬಂದೈತಿ.”